ದೊಡ್ಡಮ್ಮನ ಹೆಸರಿನಲ್ಲಿ ಒಳಗೆ ಹೋದದ್ದು

ಆ ವರ್ಷಗಳಲ್ಲಿ ನನಗೆ ಸಂಬಳ ಸಿಗುತ್ತಿದ್ದುದೇ ಅನುಮಾನ ಪಡುವುದಕ್ಕೆ. ನೋಯ್ಡಾದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಆಗಿದ್ದೆ. ಬೇರೆಯವರು ಬರೆದ ಪ್ರೋಗ್ರಾಮು ಸರಿಯಾಗಿದೆ ಎಂದು ನಂಬಿಬಿಟ್ಟರೆ ಟೆಸ್ಟರ್‌ಗೆ ಮಾಡಲು ಕೆಲಸವಿರುವುದಿಲ್ಲ. ಬರೆದವನು ಸೋಮಾರಿ, ಬಳಸುವವನು ಕಿಡಿಗೇಡಿ ಎಂದುಕೊಂಡೇ ಬೆಳಿಗ್ಗೆ ಕುರ್ಚಿಯಲ್ಲಿ ಕೂರಬೇಕು. ಕೆಲಸದಿಂದ ಆ ಬುದ್ಧಿ ಬಂತೋ, ಬುದ್ಧಿ ಹಾಗಿದ್ದದ್ದಕ್ಕೆ ಆ ಕೆಲಸ ಸಿಕ್ಕಿತೋ ಹೇಳಲಾರೆ. ದೆಹಲಿಯ ಲಕ್ಷ್ಮೀ ನಗರದ ನನ್ನ ಬಾಡಿಗೆ ಕೋಣೆಗೆ ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಎಳೆದು ನೋಡುತ್ತಿದ್ದೆ. ತರಕಾರಿ ಭಯ್ಯಾ ಕೇಳದೆಯೇ ಕೊತ್ತಂಬರಿ ಸೊಪ್ಪು ಹಾಕಿಕೊಟ್ಟರೆ, ಟೊಮೇಟೊ ಕೊಳೆತಿರಬೇಕೆಂದು ಅಲ್ಲೇ ಚೀಲ ಬಿಚ್ಚುತ್ತಿದ್ದೆ. ಸಾಮಾನ್ಯವಾಗಿ ಒಂದಾದರೂ ಕೊಳೆತಿರುತ್ತಿತ್ತು.

ಭಾನುವಾರ ಬಂದರೆ ಬಸ್ಸು ಬದಲಿಸಿಕೊಂಡು ಪೀತಮ್‌ಪುರಕ್ಕೆ ಹೋಗುತ್ತಿದ್ದೆ. ಅಲ್ಲಿ ಯಾರದೋ ಮನೆಯ ಬೇಸ್‌ಮೆಂಟನ್ನು ಬಾಡಿಗೆಗೆ ಹಿಡಿದು ನಮ್ಮವರ ಒಂದು ಪುಟ್ಟ ಕನ್ನಡ ಕೂಟ ನಡೆಯುತ್ತಿತ್ತು. ಬಹುಪಾಲು ಕೇಂದ್ರ ಸರ್ಕಾರದ ನೌಕರರು, ಅವರ ಹೆಂಡಿರು, ಹಿಂದಿಯಲ್ಲಿ ಜಗಳವಾಡಿ ಕನ್ನಡದಲ್ಲಿ ತಿಂಡಿ ಕೇಳುವ ಮಕ್ಕಳು. ನಾನು ಹೋಗುತ್ತಿದ್ದುದು ಉಪ್ಪಿಟ್ಟಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು, ನಾನೂ ಅದನ್ನು ಮುಚ್ಚಿಟ್ಟಿರಲಿಲ್ಲ.

ಆ ಬೇಸ್‌ಮೆಂಟಿನ ಮೂಲೆಯಲ್ಲಿ ಒಂದು ಮೇಜು. ಮೇಜಿನ ಹಿಂದೆ ದೊಡ್ಡಮ್ಮ. ನಮ್ಮಲ್ಲಿ ಯಾರಿಗೂ ಅವರು ನಿಜವಾದ ದೊಡ್ಡಮ್ಮ ಅಲ್ಲ. ನಿವೃತ್ತ ಸೆಕ್ಷನ್ ಆಫೀಸರೊಬ್ಬರ ಹೆಂಡತಿ, ಅರವತ್ತು ದಾಟಿದವರು, ಕೂಟದಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದರು. ದೆಹಲಿಯ ಕನ್ನಡ ಮನೆಗಳ ಗಂಡು ಹೆಣ್ಣುಗಳಿಗೆ ಸಂಬಂಧ ಕೂಡಿಸುವುದು ಅವರ ಕೆಲಸ. ಯಾವ ಮನೆಯಲ್ಲಿ ಏನಿದೆ, ಏನಿಲ್ಲ ಎಲ್ಲವೂ ಅವರ ತಲೆಯಲ್ಲಿತ್ತು. ಜನ ಬಂದು ಮೇಜಿನ ಮೇಲೆ ಬಗ್ಗಿ, ಮನೆಯ ಒಳಗಿನ ವಿಷಯವನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿ ಹೋಗುತ್ತಿದ್ದರು. ಇಷ್ಟೆಲ್ಲ ಗುಟ್ಟು ಇಟ್ಟುಕೊಂಡು ಹೇಗೆ ನಿದ್ದೆ ಮಾಡ್ತೀರಿ ಎಂದು ಒಮ್ಮೆ ಕೇಳಿದ್ದೆ. "ಹೇಳಬೇಕಾದ್ದನ್ನ ಹೇಳಬೇಕಾದವರಿಗೆ, ಹೇಳಬೇಕಾದಾಗ ಹೇಳ್ತೀನಿ ಕಣೋ. ಮಿಕ್ಕಿದ್ದು ನನ್ನ ಜೊತೇಲೇ ಹೋಗುತ್ತೆ" ಎಂದಿದ್ದರು.

ಜೊತೆಯಲ್ಲಿ ಹೋಗುವ ಈ ಮಾತೇ ಕೂಟದ ಕಾರ್ಯದರ್ಶಿಗಳಿಗೆ ಹಿಡಿಸಲಿಲ್ಲ. ಅವರು ಯಾವುದೋ ಸಚಿವಾಲಯದ ಕಂಪ್ಯೂಟರ್ ವಿಭಾಗದಲ್ಲಿದ್ದವರು. ಇಡೀ ದೇಶ ಇಂಟರ್‌ನೆಟ್ಟಿಗೆ ಹೋಗುತ್ತಿರುವಾಗ ನಮ್ಮ ಕೂಟ ಒಬ್ಬ ಮುದುಕಿಯ ತಲೆಯಲ್ಲಿ ಉಳಿದಿದೆ ಎಂಬುದು ಅವರ ಸಂಕಟ. ಬಿಡುವಿನಲ್ಲಿ ತಾವೇ ಕೂತು ವಧೂವರರ ವೆಬ್‌ಸೈಟ್ ಒಂದನ್ನು ಬರೆದರು. ಹೆಸರು, ವಯಸ್ಸು, ಓದು, ನೌಕರಿ ಎಲ್ಲರಿಗೂ ಕಾಣುತ್ತದೆ. ಫೋನ್ ನಂಬರು ಮತ್ತು ದೊಡ್ಡಮ್ಮನ ಟಿಪ್ಪಣಿ ಮಾತ್ರ ದೊಡ್ಡಮ್ಮ ಪಾಸ್‌ವರ್ಡ್ ಹಾಕಿ ಒಳಗೆ ಹೋದರಷ್ಟೇ ಕಾಣುತ್ತದೆ. "ನಿಮ್ಮ ತಲೇಲಿ ಇರೋದನ್ನೆಲ್ಲ ಇದರಲ್ಲಿ ಹಾಕಿಬಿಡಿ ದೊಡ್ಡಮ್ಮ, ನಾಳೆ ನಿಮಗೇನಾದರೂ ಆದರೆ?" ಎಂದು ಕಾರ್ಯದರ್ಶಿಗಳು ನಯವಾಗಿ ಹೇಳಿದರು. ದೊಡ್ಡಮ್ಮ ಒಂದೇ ಬೆರಳಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುತ್ತಾ ಚಳಿಗಾಲ ಪೂರ್ತಿ ಕೂತು ಹಾಕಿದರು.

ವೆಬ್‌ಸೈಟಿನ ಬಗ್ಗೆ ನಡೆದ ಒಂದು ಸಭೆಯನ್ನು ಇಲ್ಲಿ ಹೇಳಲೇಬೇಕು. ಹುಡುಕುವವರು ಒಳಪಂಗಡವನ್ನು ಆರಿಸಲು ಒಂದು ಪಟ್ಟಿ ಇರಬೇಕೆಂದು ಕಾರ್ಯದರ್ಶಿಗಳು ತಯಾರಿಸಿ ತಂದಿದ್ದರು. ಪಟ್ಟಿಯಲ್ಲಿ ಯಾರು ಮೊದಲು ಎಂಬಲ್ಲಿಗೆ ಮಾತು ಬಂದು ನಿಂತಿತು. ಅಕಾರಾದಿ ಎಂದರೆ ಒಬ್ಬರಿಗೆ ಆಗದು, ಸದಸ್ಯರ ಸಂಖ್ಯೆಯ ಮೇಲೆ ಎಂದರೆ ಇನ್ನೊಬ್ಬರಿಗೆ ಆಗದು. ತಮ್ಮದನ್ನು ಪಕ್ಕದವರದರ ಜೊತೆ ಸೇರಿಸಿದ್ದಾರೆಂದು ಒಬ್ಬ ಹಿರಿಯರು ಕಾಫಿ ಮುಟ್ಟದೆ ಎದ್ದು ಹೋದರು. ಕೊನೆಗೆ ಕಾರ್ಯದರ್ಶಿಗಳು ರೋಸಿಹೋಗಿ ಪಟ್ಟಿಯನ್ನೇ ತೆಗೆದು, ಆ ಜಾಗದಲ್ಲಿ ಒಂದು ಖಾಲಿ ಪೆಟ್ಟಿಗೆ ಬಿಟ್ಟರು. ಅವರವರಿಗೆ ಬೇಕಾದ್ದನ್ನು ಅವರವರೇ ಟೈಪ್ ಮಾಡಿಕೊಳ್ಳಲಿ. ಎಲ್ಲರಿಗೂ ಸಮಾಧಾನವಾಯಿತು. ಮೇಲ್ಪಂಕ್ತಿ ಹಾಕಿಕೊಡಬೇಕೆಂದು ಸಮಿತಿಯವರು ತಮ್ಮ ತಮ್ಮ ಮನೆಯ ಹುಡುಗ ಹುಡುಗಿಯರನ್ನೇ ಮೊದಲು ದಾಖಲಿಸಿದರು. ಅವರ ಹಿಂದೆಯೇ ನಾನೂ ದಾಖಲಾದೆ. ಮದುವೆಗಲ್ಲ, ಟೆಸ್ಟ್ ಮಾಡುವುದಕ್ಕೆ ಎಂದು ಎಲ್ಲರಿಗೂ ಸಾರಿದೆ, ಯಾರೂ ನಂಬಲಿಲ್ಲ.

ದಿನಗಳು ಹೋದವು, ನನಗೆ ಮಾತ್ರ ದೊಡ್ಡಮ್ಮ ಒಂದು ಸಂಬಂಧವನ್ನೂ ತರಲಿಲ್ಲ. ನನಗಿಂತ ಕಡಿಮೆ ಸಂಬಳದವರಿಗೆ, ನನಗಿಂತ ಕಡಿಮೆ ಕೂದಲಿದ್ದವರಿಗೆ ತಂದರು. ಕೇಳಿದರೆ "ತಾಳೋ" ಎನ್ನುತ್ತಿದ್ದರು. ಒಳಗೊಳಗೇ ನನಗೆ ಅವರ ಮೇಲೆ ಗುಮಾನಿ ಶುರುವಾಗಿತ್ತು. ಯಾರೋ ನನ್ನ ಬಗ್ಗೆ ಚಾಡಿ ಹೇಳಿರಬೇಕು ಎಂದುಕೊಂಡಿದ್ದೆ.

ಅಷ್ಟರಲ್ಲಿ ಆ ಗಲಾಟೆಯಾಯಿತು. ಕೂಟದ ಒಬ್ಬ ಗುಮಾಸ್ತರ ಮಗಳು, ಶಾಲೆಯಲ್ಲಿ ಟೀಚರ್ ಆಗಿದ್ದವಳು. ಗುಡಗಾಂವದಲ್ಲಿ ಕೆಲಸದಲ್ಲಿದ್ದ ಹುಡುಗನ ಮನೆಯವರು ಬಂದು ನೋಡಿ ಮೆಚ್ಚಿ ಹೋಗಿದ್ದರು. ಹುಡುಗಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು, ಎಷ್ಟೋ ವರ್ಷದ ಹಿಂದೆಯೇ ನಿಂತುಹೋಗಿತ್ತು. ಮುಂದಿನ ಸಲ ಅವರು ಬಂದಾಗ ನಾವೇ ಹೇಳುತ್ತೇವೆ ಎಂದು ಅಪ್ಪ ನಿರ್ಧರಿಸಿದ್ದರು. ಹೇಳುವುದಕ್ಕೆ ಅವಕಾಶ ಸಿಗಲಿಲ್ಲ. ಹುಡುಗನ ಅಪ್ಪ ಫೋನ್ ಮಾಡಿ, ರೋಗ ಮುಚ್ಚಿಟ್ಟು ಹೆಣ್ಣು ಕೊಡಲು ಬಂದಿರಲ್ಲ ಎಂದು ಕೇಳಿದರು. ಯಾರು ಹೇಳಿದರು ಎಂಬುದಕ್ಕೆ "ಗೊತ್ತಿರೋರು ಹೇಳಿದ್ರು" ಎಂದಷ್ಟೇ ಉತ್ತರ.

ಮುಂದಿನ ಭಾನುವಾರ ಆ ತಂದೆ ಬೇಸ್‌ಮೆಂಟಿಗೆ ಬಂದು, ನೆಟ್ಟಗೆ ಮೂಲೆಯ ಮೇಜಿನ ಹತ್ತಿರ ಹೋಗಿ ನಿಂತರು. ಬಡಿಸುತ್ತಿದ್ದ ಕೈಗಳು ನಿಂತವು.

"ನಮ್ಮನೆ ಬಿಟ್ಟರೆ ಈ ಊರಲ್ಲಿ ಇದು ಗೊತ್ತಿದ್ದದ್ದು ನಿಮಗೊಬ್ಬರಿಗೇ, ದೊಡ್ಡಮ್ಮ. ನಂಬಿ ಹೇಳಿದ್ದೆ."

"ನಾನು ಬಾಯಿ ಬಿಟ್ಟಿಲ್ಲಪ್ಪ" ಎಂದರು ದೊಡ್ಡಮ್ಮ.

"ಮತ್ತೆ ಗೋಡೆ ಹೇಳ್ತಾ?"

ಅವರು ಕೂಗಲಿಲ್ಲ. ಕೂಗಿದ್ದರೆ ಜನ ಸಮಾಧಾನ ಮಾಡುತ್ತಿದ್ದರು. ಸುಮ್ಮನೆ ಹೊರಟುಹೋದರು, ಅವರ ಹಿಂದೆ ಇಡೀ ಕೂಟ ಮಾತಾಡತೊಡಗಿತು. ಹಿಂದೆ ಮುರಿದುಬಿದ್ದ ಸಂಬಂಧಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ನಮ್ಮದೂ ಹಾಗೇ ಆಯ್ತಲ್ಲ, ಆಗ ನಮಗೆ ಹೊಳೆಯಲೇ ಇಲ್ಲವಲ್ಲ ಎಂದು ಪ್ರತಿಯೊಬ್ಬರೂ ನೆನಪು ಮಾಡಿಕೊಂಡರು. ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ದೊಡ್ಡಮ್ಮನ ಮೇಲೆ ಅನುಮಾನ, ಕೂಟದ ಅಧ್ಯಕ್ಷರ ಹೆಂಡತಿಯ ಮೇಲೆ ಅನುಮಾನ, ಹುಡುಗಿಯ ಸ್ವಂತ ಸೋದರತ್ತೆಯ ಮೇಲೂ ಅನುಮಾನ.

ಮೇಜಿನ ಹತ್ತಿರ ಆವತ್ತು ಮತ್ತೆ ಯಾರೂ ಹೋಗಲಿಲ್ಲ. ತಟ್ಟೆ ಹಿಡಿದುಕೊಂಡು ನಾನೇ ಹೋಗಿ ಎದುರು ಕೂತೆ. ದೊಡ್ಡಮ್ಮ ನನ್ನ ಮುಖವನ್ನೇ ನೋಡಿದರು.

"ನೀನೂ ನನ್ನ ಮೇಲೆ ಅನುಮಾನ ಪಡ್ತಿದೀಯಾ?"

"ನಾನು ಎಲ್ಲರ ಮೇಲೂ ಪಡ್ತೀನಿ ದೊಡ್ಡಮ್ಮ."

"ಹಾಗಿದ್ರೆ ಅದರ ಮೇಲೂ ಪಡು" ಎಂದು ಪಕ್ಕದಲ್ಲಿ ಬಟ್ಟೆ ಹೊದಿಸಿಟ್ಟ ಕೂಟದ ಕಂಪ್ಯೂಟರನ್ನು ತೋರಿಸಿದರು. "ನನ್ನ ಹೊಟ್ಟೇಲಿ ಇರೋವರೆಗೂ ಏನೂ ಆಗಿರಲಿಲ್ಲ."

ನನಗೆ ನಾಚಿಕೆಯಾಯಿತು. ಮನುಷ್ಯರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದೆ, ಹೊಟ್ಟೆಪಾಡಿಗೆ ದಿನಾ ಯಾವುದರ ಮೇಲೆ ಅನುಮಾನ ಪಡುತ್ತೇನೋ ಅದನ್ನೇ ಬಿಟ್ಟಿದ್ದೆ.

ಮಾರನೆಯ ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಆ ವೆಬ್‌ಸೈಟ್ ತೆರೆದೆ. ಒಳಪಂಗಡದ ಖಾಲಿ ಪೆಟ್ಟಿಗೆಯಲ್ಲಿ ಯಾವ ಪಂಗಡವನ್ನೂ ಹಾಕದೆ, ನಾವು ಟೆಸ್ಟರ್‌ಗಳು ಮೊದಲು ಹಾಕಿ ನೋಡುವ ಒಂದು ಚಿಹ್ನೆಯನ್ನು ಒತ್ತಿ ಕಳಿಸಿದೆ. ಸರಿಯಾಗಿ ಬರೆದ ಪ್ರೋಗ್ರಾಮಾದರೆ 'ಯಾರೂ ಸಿಗಲಿಲ್ಲ' ಎನ್ನಬೇಕು. ಇದು ತಪ್ಪಾಗಿದೆ ತಪ್ಪಾಗಿದೆ ಎಂದು ಪರದೆ ತುಂಬ ಕಕ್ಕಿಕೊಂಡಿತು. ಒಳಗೆ ಯಾವ ಪಟ್ಟಿ ಇದೆ, ಅದರ ಹೆಸರೇನು ಎಂಬುದನ್ನೂ ಕೇಳದೆಯೇ ಹೇಳಿಬಿಟ್ಟಿತು.

ಗೊತ್ತಿಲ್ಲದವರಿಗೆ ಇದನ್ನು ನಾನು ಹೀಗೆ ಹೇಳುತ್ತಿದ್ದೆ. ಮಾಹಿತಿಯೆಲ್ಲ ಒಳಗೆ ಒಂದು ಉಗ್ರಾಣದಲ್ಲಿರುತ್ತದೆ. ನೀವು ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದನ್ನು ಪ್ರೋಗ್ರಾಮು ಒಂದು ಚೀಟಿಯಲ್ಲಿ ಸೇರಿಸಿ ಉಗ್ರಾಣಕ್ಕೆ ಕಳಿಸುತ್ತದೆ: 'ಇಂಥ ಪಂಗಡದವರ ಹೆಸರು ಕೊಡಿ.' ಮನೆಯಿಂದ ಕಿರಾಣಿ ಅಂಗಡಿಗೆ ಚೀಟಿ ಕಳಿಸಿದ ಹಾಗೆ. ದಾರಿಯಲ್ಲಿ ಯಾರೋ ಆ ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದರೆ ಅಂಗಡಿಯವನಿಗೆ ಹೇಗೆ ಗೊತ್ತಾಗಬೇಕು? ಚೀಟಿಯಲ್ಲಿದ್ದುದನ್ನೆಲ್ಲ ಕಟ್ಟಿಕೊಡುತ್ತಾನೆ. ಟೈಪ್ ಮಾಡಿದ್ದನ್ನು ಬರಿಯ ಮಾತೆಂದು ಬೇರೆ ಇಡಬೇಕು, ಅಪ್ಪಣೆಯೊಳಗೆ ಬೆರೆಸಬಾರದು. ಕಾರ್ಯದರ್ಶಿಗಳು ಬೆರೆಸಿದ್ದರು. ಆವತ್ತು ಪಟ್ಟಿಗೆ ಎಲ್ಲರೂ ಒಪ್ಪಿದ್ದರೂ ತೂತು ತೂತೇ, ಗೊತ್ತಿದ್ದವನು ಹೇಗಾದರೂ ಹುಡುಕುತ್ತಿದ್ದ. ಆದರೆ ಖಾಲಿ ಪೆಟ್ಟಿಗೆ ಅದನ್ನು ದಾರಿಹೋಕರಿಗೂ ತೋರಿಸುತ್ತಾ ಕೂತಿತ್ತು.

ಒಂದು ಕಡೆ ಹಾಗೆ ಬರೆದವನು ಎಲ್ಲ ಕಡೆಯೂ ಹಾಗೆಯೇ ಬರೆದಿರುತ್ತಾನೆ ಎಂಬುದು ನನ್ನ ಕಸುಬಿನ ನಂಬಿಕೆ. ಹಾಗಾದರೆ ದೊಡ್ಡಮ್ಮ ಒಳಗೆ ಹೋಗುವ ಬಾಗಿಲೂ ತೆರೆದೇ ಇರಬೇಕು. ಅಲ್ಲಿಗೆ ನಿಲ್ಲಿಸಿದೆ. ನಾವು ಏನೇನು ತೆರೆಯುತ್ತೇವೆಂಬುದನ್ನು ಕಂಪನಿ ನೋಡುತ್ತಿರುತ್ತದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು.

ಮುಂದಿನ ಭಾನುವಾರ ಸಮಿತಿಯ ಸಭೆ. ದೊಡ್ಡಮ್ಮನನ್ನು ಮೇಜಿನಿಂದ ಎಬ್ಬಿಸುವುದೊಂದೇ ವಿಷಯ. ಆ ಹುಡುಗಿಯ ತಂದೆಯನ್ನೂ ಕರೆಸಿದ್ದರು. ದೊಡ್ಡಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ವೆಬ್‌ಸೈಟಿನಿಂದಲೇ ಸೋರಿರಬಹುದು ಎಂದು ನಾನು ಹೇಳಿದ್ದೇ ತಡ, ಕಾರ್ಯದರ್ಶಿಗಳ ಮುಖ ಕೆಂಪಾಯಿತು.

"ಏನ್ರೀ ಮಾತಾಡ್ತೀರಿ? ಪಾಸ್‌ವರ್ಡ್ ಇದೆ. ಅದು ದೊಡ್ಡಮ್ಮನಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ."

ಅವರು ತಮ್ಮ ಪ್ರೋಗ್ರಾಮನ್ನು ಎಷ್ಟು ಹೊಗಳಿಕೊಂಡರೋ ದೊಡ್ಡಮ್ಮ ಅಷ್ಟಷ್ಟು ಕಳ್ಳಿಯಾಗುತ್ತಿದ್ದರು. ಬೀಗ ಭದ್ರವಾಗಿದ್ದರೆ ಕದ್ದವಳು ಬೀಗದ ಕೈ ಇದ್ದವಳೇ. ಅದು ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ಹೇಳುತ್ತಿದ್ದರೋ ನನಗೆ ಇಂದಿಗೂ ತಿಳಿಯದು.

"ಎರರ್ ಬಂದ ಮಾತ್ರಕ್ಕೆ ಒಳಗೆ ಹೋದ ಹಾಗಲ್ಲ" ಎಂದರು ಮತ್ತೆ.

"ಅಚ್ಛಾ, ಹಾಗಾದ್ರೆ ಹೋಗಿ ತೋರಿಸಲಿ" ಎಂದರು ಅಧ್ಯಕ್ಷರು. ಫೈಲು ತೂಗಿ ನೋಡಿಯೇ ತಪ್ಪು ಹಿಡಿಯುತ್ತಿದ್ದ ನಿವೃತ್ತ ಅಧಿಕಾರಿ ಅವರು. "ಬಾಯಿಮಾತು ಬೇಡ. ಚಲೋ, ಎಲ್ಲರೂ ಬನ್ನಿ."

ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದರು. ಸಮಿತಿಯವರೆಲ್ಲ ನನ್ನ ಬೆನ್ನ ಹಿಂದೆ ಬಂದು ನಿಂತರು. ಹೆಸರು ಹಾಕುವ ಜಾಗದಲ್ಲಿ ದೊಡ್ಡಮ್ಮನ ಹೆಸರು ಹಾಕಿ, ಅದರ ಪಕ್ಕಕ್ಕೆ ಆ ಹೆಚ್ಚಿನ ಸಾಲು ಸೇರಿಸಿದೆ. ಪಾಸ್‌ವರ್ಡ್ ಕೇಳಬೇಡ ಎಂಬುದು ಅದರ ಅರ್ಥ. ಪಾಸ್‌ವರ್ಡಿನ ಜಾಗವನ್ನು ಖಾಲಿ ಬಿಟ್ಟು ಗುಂಡಿ ಒತ್ತಿದೆ. ದೂರವಾಣಿಯ ತಂತಿಯ ಮೇಲೆ ಇಂಟರ್‌ನೆಟ್ ಬರುತ್ತಿದ್ದ ಕಾಲ, ಪುಟ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯಿತು. ಮೊದಲು ಕಂಡದ್ದು ದೊಡ್ಡಮ್ಮನಿಗೆ ಸ್ವಾಗತ ಎಂಬ ಸಾಲು. ನಿಜವಾದ ದೊಡ್ಡಮ್ಮ ಅತ್ತ ಕುರ್ಚಿಯಲ್ಲೇ ಕೂತಿದ್ದರು.

"ನೋಡಿ" ಎಂದೆ. ಗೆದ್ದೆನೆಂಬ ಹಿಗ್ಗಿನಲ್ಲಿ ಹಿಂದಿರುಗಿ ಕಾರ್ಯದರ್ಶಿಗಳ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಪುಟ ಇಳಿಯುವುದು ಮುಗಿದಿತ್ತು, ಎಲ್ಲರೂ ಓದುತ್ತಿದ್ದರು.

ಮೊದಲು ದಾಖಲಾದವರು ಮೊದಲು. ಅಂದರೆ ಸಮಿತಿಯವರ ಮನೆಯವರೇ. ಅಧ್ಯಕ್ಷರ ಮಗನ ಸಾಲಿನ ಕೊನೆಯಲ್ಲಿ: 'ಕುಡಿಯುತ್ತಾನೆ, ತಂದೆಗೆ ಗೊತ್ತಿಲ್ಲ, ತಾಯಿ ಮುಚ್ಚಿಡುತ್ತಾಳೆ.' ಕಾರ್ಯದರ್ಶಿಗಳ ತಂಗಿಯ ಸಾಲಿನಲ್ಲಿ: 'ಅವಳಿಗೆ ಮನಸ್ಸಿರುವ ಹುಡುಗ ಬೇರೆ ಇದ್ದಾನೆ, ಅಣ್ಣನ ಬಲವಂತ, ಈ ಸಂಬಂಧ ಮುಂದಕ್ಕೆ ಒಯ್ಯಬಾರದು.' ಒಬ್ಬೊಬ್ಬರ ಕಣ್ಣೂ ತಮ್ಮ ಮನೆಯ ಸಾಲು ಹುಡುಕಿ, ಸಿಕ್ಕಿದ ಮೇಲೆ ಅಲ್ಲಿಯೇ ನಿಂತಿತು. ಸ್ವಲ್ಪ ಕೆಳಗೆ ಆ ಟೀಚರ್ ಹುಡುಗಿ: 'ಚಿಕ್ಕಂದಿನಲ್ಲಿ ಫಿಟ್ಸ್, ಈಗಿಲ್ಲ. ಬಂಗಾರದಂಥ ಹುಡುಗಿ. ತಂದೆ ತಾನೇ ಹೇಳುತ್ತಾರಂತೆ, ಅಲ್ಲಿಯವರೆಗೆ ನಾನು ಬಾಯಿ ಬಿಡಬಾರದು.'

ಅವಳ ತಂದೆ ಅದನ್ನು ಓದಿ ದೊಡ್ಡಮ್ಮನ ಹತ್ತಿರ ಹೋದರು. ಕೈ ಮುಗಿದು ನಿಂತರು. ದೊಡ್ಡಮ್ಮ ತಲೆಯಾಡಿಸಿದರು. ಅಲ್ಲಿಗೆ ಎಲ್ಲ ಸರಿಹೋಯಿತೆಂದೇ ನಾನು ತಿಳಿದೆ.

ಆಗ ಅಧ್ಯಕ್ಷರು ಕೇಳಿದರು. "ಇದನ್ನೆಲ್ಲ ಬರೆದಿಟ್ಟದ್ದು ಯಾಕೆ?"

"ತಲೇಲಿ ಇರೋದನ್ನೆಲ್ಲ ಹಾಕಿ ಅಂದ್ರಲ್ಲಪ್ಪ, ಹಾಕಿದೆ."

"ನಮ್ಮ ಮನೆ ವಿಷಯ ನಿಮಗೆ ಯಾರು ಹೇಳಿದ್ರು?"

ದೊಡ್ಡಮ್ಮ ಮಡಿಲಲ್ಲಿದ್ದ ತಮ್ಮ ಕೈಗಳನ್ನು ನೋಡಿಕೊಂಡರು. ಅದನ್ನು ಕೇಳಬೇಕಾದವರು ಅಧ್ಯಕ್ಷರಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಹೇಳಿದ್ದು ಅಧ್ಯಕ್ಷರ ಹೆಂಡತಿಯೇ ಇರಬೇಕು ಎಂದು ನನಗನ್ನಿಸಿತು. ಎಲ್ಲರಿಗೂ ಅನ್ನಿಸಿರಬೇಕು, ಯಾಕೆಂದರೆ ಅಡುಗೆಯ ಕಡೆ ನಿಂತಿದ್ದ ಆಕೆ ಇತ್ತ ತಿರುಗಲಿಲ್ಲ.

ಸೋರಿಕೆಯ ಆರೋಪದಿಂದ ದೊಡ್ಡಮ್ಮನನ್ನು ಬಿಡುಗಡೆ ಮಾಡಿದೆವೆಂದು ಸಭೆ ಒಂದು ಮಾತು ಹೇಳಿತು. ವಿಶ್ರಾಂತಿಯ ದೃಷ್ಟಿಯಿಂದ ಅವರು ಮೇಜು ಬಿಟ್ಟುಕೊಡುವುದು ಒಳ್ಳೆಯದೆಂದು ಇನ್ನೊಂದು ಮಾತು ಹೇಳಿತು. ನನಗೆ ಮೈಯೆಲ್ಲ ಉರಿಯಿತು. ಅವರ ಮರ್ಯಾದೆ ಉಳಿಸಲು ಬಂದ ನಾನೇ ಅವರ ಹೆಸರಿನಲ್ಲಿ ಒಳಗೆ ಹೋಗಿ, ಅವರು ಯಾರಿಗೂ ಹೇಳದ್ದನ್ನು ಎಲ್ಲರಿಗೂ ಓದಿಸಿದ್ದೆ. ಹಾಗೆಂದು ಸಭೆಯಲ್ಲಿ ಹೇಳಿದೆ. "ನೀವು ಸದಸ್ಯರಲ್ಲ, ಉಪ್ಪಿಟ್ಟಿಗೆ ಬರುವವರು" ಎಂದರು ಕಾರ್ಯದರ್ಶಿಗಳು.

ದೊಡ್ಡಮ್ಮನನ್ನು ಆಟೋ ಹತ್ತಿಸಲು ಮಾರ್ಕೆಟ್ಟಿನವರೆಗೆ ಜೊತೆಗೆ ನಡೆದೆ. ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಧಾನವಾಗಿ ನಡೆಯುತ್ತಿದ್ದರು.

"ನಿಂದೂ ಓದಿದ್ಯಾ?" ಎಂದು ಕೇಳಿದರು.

ಓದಿದ್ದೆ. ಅಧ್ಯಕ್ಷರು ಮಾತಾಡುತ್ತಿರುವಾಗಲೇ ಅದೇ ಪುಟದಲ್ಲಿ ನನ್ನ ಸಾಲು ಕಂಡಿತ್ತು: 'ಹುಡುಗ ಪ್ರಾಮಾಣಿಕ. ಯಾವ ಚಟವೂ ಇಲ್ಲ. ಆದರೆ ಯಾರನ್ನೂ ನಂಬುವುದಿಲ್ಲ. ಹೆಣ್ಣು ಕೊಡುವವರಿಗೆ ಹೇಳಲೇಬೇಕು.'

"ಓದಿದೆ ದೊಡ್ಡಮ್ಮ."

"ತಪ್ಪು ಬರೆದಿದೀನಾ?"

ಆಟೋ ಭಯ್ಯಾ ಮೀಟರು ಹಾಕಲು ಒಪ್ಪಿಕೊಂಡ. ಇಷ್ಟು ಸುಲಭವಾಗಿ ಒಪ್ಪಿದನೆಂದರೆ ಮೀಟರೇ ಕೆಟ್ಟಿರಬೇಕೆಂದು ನಾನು ಒಳಗೆ ಬಗ್ಗಿ ನೋಡಿದೆ. ದೊಡ್ಡಮ್ಮ ಜೋರಾಗಿ ನಕ್ಕುಬಿಟ್ಟರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ. "ನೋಡು" ಎಂದು ಹತ್ತಿ ಕೂತು ಹೊರಟುಹೋದರು.

ಕಾರ್ಯದರ್ಶಿಗಳು ಆಮೇಲೆ ಪ್ರೋಗ್ರಾಮನ್ನು ತಿದ್ದಿದರು ಎಂದರು. ನಂಬದೆ ಟೆಸ್ಟ್ ಮಾಡಿದೆ, ತಿದ್ದಿದ್ದರು. ಆದರೆ ಅಷ್ಟರಲ್ಲಿ ಅದರಲ್ಲಿ ಯಾರೂ ಏನನ್ನೂ ಹಾಕುತ್ತಿರಲಿಲ್ಲ. ಯಾರು ನುಗ್ಗಿದ್ದರೆಂಬುದು ಕೊನೆಗೂ ತಿಳಿಯಲಿಲ್ಲ. ಸರ್ವರಿನಲ್ಲಿ ಉಳಿದಿದ್ದ ಗುರುತು ಮುಖರ್ಜಿ ನಗರದ ಒಂದು ಸೈಬರ್ ಕೆಫೆಯವರೆಗೆ ಹೋಗಿ ನಿಂತಿತು. ಆ ಗುಡಗಾಂವದ ಹುಡುಗನ ತಮ್ಮ ಮುಖರ್ಜಿ ನಗರದಲ್ಲಿದ್ದುಕೊಂಡು ಐಎಎಸ್ ಪರೀಕ್ಷೆಗೆ ಓದುತ್ತಿದ್ದ. ದೇಶದ ಅರ್ಧ ಹುಡುಗರು ಅಲ್ಲೇ ಓದುತ್ತಿದ್ದರು, ಅದೇನೂ ಸಾಕ್ಷಿಯಲ್ಲ. ನನಗೆ ಮಾತ್ರ ಅಷ್ಟು ಸಾಕಾಗಿದೆ.

ದೊಡ್ಡಮ್ಮ ಕೂಟಕ್ಕೆ ಮತ್ತೆ ಬರಲಿಲ್ಲ. ಜನ ಮಾತ್ರ ಅವರ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮೊದಲಿನಂತೆಯೇ ಮಾತಾಡಿ ಬರುತ್ತಿದ್ದರಂತೆ. ಅಧ್ಯಕ್ಷರ ಹೆಂಡತಿಯೂ ಹೋಗುತ್ತಿದ್ದರೆಂದು ಕೇಳಿದ್ದೇನೆ.

ಎರಡು ಚಳಿಗಾಲ ಕಳೆದ ಮೇಲೆ ನನಗೆ ಮದುವೆಯಾಯಿತು. ಹುಡುಗಿ ಮುನಿರ್ಕಾದಲ್ಲಿದ್ದುಕೊಂಡು ಸಂಶೋಧನೆ ಮಾಡುತ್ತಿದ್ದವಳು. ಅವಳ ಮನೆಯವರು ನನ್ನ ಬಗ್ಗೆ ವಿಚಾರಿಸಿದ್ದು ದೊಡ್ಡಮ್ಮನ ಹತ್ತಿರ ಎಂದು ಮದುವೆಯಾದ ಮೇಲೆ ತಿಳಿಯಿತು. ದೊಡ್ಡಮ್ಮ ಏನು ಹೇಳಿರಬಹುದೆಂದು ಬಹಳ ದಿನ ಒಳಗೇ ಕೊರೆಯಿತು. ನನ್ನ ಮೇಲಿನ ಅಕ್ಕರೆಗೆ ಆ ಒಂದು ಸಾಲನ್ನು ನುಂಗಿಕೊಂಡಿರಬೇಕು, ಇಲ್ಲದಿದ್ದರೆ ಯಾರು ಒಪ್ಪುತ್ತಿದ್ದರು ಎಂದುಕೊಂಡೆ. ಹಾಗೆ ನುಂಗಿದ್ದರೆ ಇವಳಿಗೆ ಮೋಸವಾಯಿತಲ್ಲ ಎಂದೂ ಅನ್ನಿಸುತ್ತಿತ್ತು. ಒಂದು ದಿನ ಸಂಜೆ ನಾನು ಬೀಗ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಎಳೆದು ನೋಡುತ್ತಿರುವಾಗ, ಹೆಂಡತಿ ಕೆಳಗೆ ಕಾಯುತ್ತಾ ನಿಂತಿದ್ದಳು. ತಡೆಯಲಾರದೆ ಕೇಳಿಯೇಬಿಟ್ಟೆ.

"ದೊಡ್ಡಮ್ಮ ನನ್ನ ಬಗ್ಗೆ ಏನು ಹೇಳಿದ್ರು ನಿಮ್ಮ ಮನೆಯವರಿಗೆ?"

"ಮನೆಯವರಿಗೆ ಒಳ್ಳೆ ಹುಡುಗ ಅಂದ್ರು" ಎಂದಳು. "ಮಿಕ್ಕಿದ್ದನ್ನ ನನ್ನೊಬ್ಬಳನ್ನೇ ಅಡುಗೆಮನೆಗೆ ಕರೆದು ಹೇಳಿದ್ರು. ಕೇಳಿಸಿಕೊಂಡೇ ಒಪ್ಪಿದ್ದು. ಈಗ ಇಳಿದು ಬನ್ನಿ, ಬೀಗ ಬಿದ್ದಿದೆ."

ಇಳಿದು ಹೋದೆ.